ಒಂದು ಸಾಲು ಅಂದ್ರೆ ಏನು? ಓಆರ್‌ಎಂನಲ್ಲಿ ಮೊತ್ತ ತಪ್ಪೋದು ಯಾಕೆ, ಸಬ್‌ಕ್ವೆರಿಯಿಂದ ಸರಿಪಡಿಸೋದು ಹೇಗೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಹಾಕ್ತಿದ್ದೇನೆ. ಆಫೀಸ್ ಬಸ್ಸಲ್ಲೋ ಮೆಟ್ರೋದಲ್ಲೋ ವಿಡಿಯೋ ಹಾಕ್ಕೊಳ್ಳೋಕೆ ಆಗದವರು ನಿಧಾನವಾಗಿ ಓದಿಕೊಳ್ಳಬಹುದು. ವಿಡಿಯೋದಲ್ಲಿ ಕೋಡ್ ಸ್ಕ್ರೀನ್ ಮೇಲೆ ಕಾಣಿಸ್ತಿತ್ತು. ಇಲ್ಲಿ ಆ ಸಾಲುಗಳನ್ನು ಒಂದೊಂದಾಗಿ ಮಾತಿನಲ್ಲೇ ಬಿಡಿಸಿ ಬರೆದಿದ್ದೇನೆ.

ವಿಷಯದ ಹೆಸರು ಕೇಳಿದ್ರೆ ಆಕಳಿಕೆ ಬರಬಹುದು: ಓಆರ್‌ಎಂನಲ್ಲಿ ಒಂದರೊಳಗೊಂದು ಸಬ್‌ಕ್ವೆರಿ ಇಟ್ಟು ಅದರ ಮೇಲೆ ಅಗ್ರಿಗೇಷನ್ ಮಾಡೋದು. ಆದ್ರೆ ಇದನ್ನು ನಾನು ಸರಿಯಾಗಿ ತಿಳ್ಕೊಂಡಿರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯ ಒಂದು ರಾತ್ರಿ ನಿದ್ದೆ ಕೆಡಿಸಿಕೊಂಡರು. ಅಲ್ಲಿಂದಲೇ ಶುರು ಮಾಡ್ತೇನೆ.

ಕಾಕಾ ಮತ್ತು ಪಾವತಿ ಪುಸ್ತಕ

ಪುಣೆಯಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗ ಇದೆ. ರಾಜ್ಯೋತ್ಸವಕ್ಕೆ ಎಲ್ಲರೂ ದೇಣಿಗೆ ಕೊಡ್ತಾರೆ, ಊಟದ ಕೂಪನ್ ತಗೋತಾರೆ. ಮೊದಲೆಲ್ಲ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಇಡ್ತಿದ್ದರು. "ನಾನು ಆ್ಯಪ್ ಮಾಡಿಕೊಡ್ತೀನಿ" ಅಂತ ಹೇಳಿ ಜಾಂಗೋದಲ್ಲಿ ಎರಡು ವೀಕೆಂಡಿನಲ್ಲಿ ಒಂದು ಆ್ಯಪ್ ಬರೆದುಕೊಟ್ಟೆ. ಖಜಾಂಚಿ ಬ್ಯಾಂಕಿನಿಂದ ನಿವೃತ್ತರಾದವರು, ವಿಜಯಪುರ ಕಡೆಯವರು. ನಾವೆಲ್ಲ ಅವರನ್ನು ಕಾಕಾ ಅಂತೀವಿ.

ಕಾರ್ಯಕ್ರಮ ಮುಗಿದ ಮೇಲೆ ಸಭೆಯಲ್ಲಿ ನನ್ನ ಆ್ಯಪಿನ ರಿಪೋರ್ಟ್ ಪ್ರೊಜೆಕ್ಟರ್ ಮೇಲೆ ಹಾಕಿದ್ವಿ. ಅದರಲ್ಲಿ ತೋರಿಸಿದ ದೇಣಿಗೆಯ ಮೊತ್ತ ಪಾಸ್‌ಬುಕ್ಕಿನಲ್ಲಿ ಇದ್ದದ್ದಕ್ಕಿಂತ ಸುಮಾರು 40 ಸಾವಿರ ಹೆಚ್ಚು. ಹಿಂದಿನ ಸಾಲಿನಿಂದ ಯಾರೋ ಕೇಳಿಯೇ ಬಿಟ್ಟರು: "ಹಾಗಾದ್ರೆ ಉಳಿದ ದುಡ್ಡು ಎಲ್ಲಿ ಹೋಯ್ತು?" ಯಾರೂ ಉತ್ತರ ಕೊಡಲಿಲ್ಲ. ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಅಂತ ಎಲ್ಲರಿಗೂ ನಂಬಿಕೆ, ನನಗೂ ಸೇರಿ. ಕಾಕಾ ಏನೂ ಮಾತಾಡದೆ ಪುಸ್ತಕ ಚೀಲದಲ್ಲಿ ಹಾಕ್ಕೊಂಡು ಹೋದರು.

ಮರುದಿನ ಬೆಳಿಗ್ಗೆ ಫೋನ್ ಬಂತು. "ತಮ್ಮಾ, ರಾತ್ರಿ ಕುಂತು ಪಾವತಿ ಪುಸ್ತಕ ಎಲ್ಲಾ ತಾಳೆ ನೋಡೀನಿ. ನಿನ್ನ ಲಿಸ್ಟಿನ್ಯಾಗ ಕೆಲವು ಮನಿಗಳದಷ್ಟ ರೊಕ್ಕ ಡಬಲ್ ಬಂದದ. ಅವರೆಲ್ಲಾ ಕೂಪನ್ ಎರಡ ಸಲ ತಗೊಂಡವರು. ಒಂದ ಮನಿ ಮೂರ ಸಲ ತಗೊಂಡದ, ಅವರದು ಮೂರು ಪಟ್ಟು ಬಂದದ. ಇದು ಹೆಂಗ?"

ಇದಕ್ಕಿಂತ ಒಳ್ಳೆ ಬಗ್ ರಿಪೋರ್ಟ್ ನನಗೆ ಆಫೀಸಿನಲ್ಲೂ ಬಂದಿಲ್ಲ. ಕೂಪನ್ನಿಗೂ ದೇಣಿಗೆಗೂ ಸಂಬಂಧವೇ ಇಲ್ಲ. ಆದರೂ ಕೂಪನ್ ಎಷ್ಟು ಸಲ ಕೊಂಡರೋ ದೇಣಿಗೆ ಅಷ್ಟು ಪಟ್ಟು ಆಗಿದೆ. ಅಂದ್ರೆ ಎಲ್ಲೋ ಗುಣಾಕಾರ ನಡೆದಿದೆ.

ನಾಲ್ಕು ಮನೆಗಳ ಲೆಕ್ಕ

ನಾನು ಬರೆದದ್ದು ತೀರಾ ಸಹಜವಾಗಿ ಕಾಣೋ ಕೋಡ್. ಕುಟುಂಬ ಅನ್ನೋ ಮಾಡೆಲ್, ಅದಕ್ಕೆ ಫಾರಿನ್ ಕೀ ಇರೋ ದೇಣಿಗೆ ಅನ್ನೋ ಮಾಡೆಲ್, ಹಾಗೇ ಇನ್ನೊಂದು ಫಾರಿನ್ ಕೀ ಇರೋ ಕೂಪನ್ ಖರೀದಿ ಅನ್ನೋ ಮಾಡೆಲ್. ಕುಟುಂಬದ ಕ್ವೆರಿಸೆಟ್ ಮೇಲೆ ಒಂದೇ ಆನೋಟೇಟ್ ಕರೆದು, ಅದರಲ್ಲಿ ಎರಡು ಸಮ್ ಕೊಟ್ಟೆ: ಒಂದು ದೇಣಿಗೆಯ ಮೊತ್ತಕ್ಕೆ, ಇನ್ನೊಂದು ಕೂಪನ್ ಸಂಖ್ಯೆಗೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ನಾಲ್ಕೇ ಮನೆಗಳನ್ನು ಇಟ್ಟುಕೊಂಡು ನೋಡೋಣ.

• ಮನೆ 1: ದೇಣಿಗೆ 501, 1001, ಮತ್ತೆ 501. ಕೂಪನ್ ಎರಡು ಸಲ ಖರೀದಿ: 4, ಆಮೇಲೆ 2.
• ಮನೆ 2: ದೇಣಿಗೆ 5001. ಕೂಪನ್ ಒಂದು ಸಲ: 3.
• ಮನೆ 3: ದೇಣಿಗೆ 2001. ಕೂಪನ್ ಇಲ್ಲ.
• ಮನೆ 4: ದೇಣಿಗೆ ಇಲ್ಲ. ಕೂಪನ್ ಒಂದು ಸಲ: 5.

ಬೆರಳೆಣಿಕೆಯಲ್ಲಿ ಲೆಕ್ಕ ಹಾಕಿ. ದೇಣಿಗೆ 2003, 5001, 2001 ಸೇರಿ 9005 ರೂಪಾಯಿ. ಕೂಪನ್ 6, 3, 5 ಸೇರಿ 14.

ಈಗ ಜಾಂಗೋ ಏನು ಮಾಡುತ್ತೆ ನೋಡಿ. ಕುಟುಂಬದ ಟೇಬಲ್‌ಗೆ ದೇಣಿಗೆ ಟೇಬಲ್ ಅನ್ನು ಲೆಫ್ಟ್ ಔಟರ್ ಜಾಯಿನ್ ಮಾಡುತ್ತೆ. ಆ ಬಂದದ್ದಕ್ಕೆ ಕೂಪನ್ ಟೇಬಲ್ ಅನ್ನೂ ಲೆಫ್ಟ್ ಔಟರ್ ಜಾಯಿನ್ ಮಾಡುತ್ತೆ. ಆಮೇಲೆ ಕುಟುಂಬದ ಐಡಿ ಮೇಲೆ ಗ್ರೂಪ್ ಬೈ ಹಾಕಿ ಕೂಡಿಸುತ್ತೆ. ಮನೆ 1ಕ್ಕೆ ದೇಣಿಗೆ ಮೂರು, ಕೂಪನ್ ಖರೀದಿ ಎರಡು. ಜಾಯಿನ್‌ಗೆ ಯಾವ ದೇಣಿಗೆ ಯಾವ ಕೂಪನ್ನಿನ ಜೊತೆ ಹೋಗಬೇಕು ಅಂತ ಗೊತ್ತಿಲ್ಲ, ಹಾಗಾಗಿ ಎಲ್ಲವನ್ನೂ ಎಲ್ಲದರ ಜೊತೆ ಜೋಡಿಸುತ್ತೆ. ಮೂರು ಎರಡ್ಲೆ ಆರು ಸಾಲು. ಆ ಆರು ಸಾಲಿನಲ್ಲಿ ಪ್ರತಿ ದೇಣಿಗೆ ಎರಡು ಸಲ ಬರುತ್ತೆ, ಪ್ರತಿ ಕೂಪನ್ ಖರೀದಿ ಮೂರು ಸಲ ಬರುತ್ತೆ. ದೇಣಿಗೆ 2003 ಹೋಗಿ 4006 ಆಯ್ತು. ಕೂಪನ್ 6 ಹೋಗಿ 18 ಆಯ್ತು.

ಉಳಿದ ಮೂರು ಮನೆಗಳ ಲೆಕ್ಕ ಸರಿಯಾಗೇ ಇರುತ್ತೆ, ಯಾಕಂದ್ರೆ ಒಂದನ್ನು ಒಂದರಿಂದ ಗುಣಿಸಿದ್ರೆ ಒಂದೇ. ಒಟ್ಟು ದೇಣಿಗೆ 11,008, ಒಟ್ಟು ಕೂಪನ್ 26. ನಾನು ಟೆಸ್ಟ್ ಮಾಡುವಾಗ ಪ್ರತಿ ಮನೆಗೂ ಒಂದು ದೇಣಿಗೆ, ಒಂದು ಕೂಪನ್ ಹಾಕಿ ನೋಡಿದ್ದೆ. ಎಲ್ಲ ಹಸಿರು ಬಂದಿತ್ತು. ಬರದೆ ಇನ್ನೇನು!

ಇಲ್ಲಿ ಸಮ್‌ನ ತಪ್ಪಿಲ್ಲ. ತನ್ನ ಮುಂದೆ ಇಟ್ಟ ಸಾಲುಗಳನ್ನು ಅದು ಸರಿಯಾಗೇ ಕೂಡಿಸಿದೆ. ನಾನು ಒಂದು ಸಾಲು ಅಂದ್ರೆ ಒಂದು ದೇಣಿಗೆ ಅಂದುಕೊಂಡಿದ್ದೆ. ಆದ್ರೆ ಜಾಯಿನ್ ಆದ ಮೇಲೆ ಒಂದು ಸಾಲು ಅಂದ್ರೆ ಒಂದು ದೇಣಿಗೆ ಮತ್ತು ಒಂದು ಕೂಪನ್ನಿನ ಜೋಡಿ. ಈ ಇಡೀ ಬರಹದಿಂದ ಒಂದೇ ಪ್ರಶ್ನೆ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ: ಕೂಡಿಸೋ ಮುಂಚೆ, ಈ ಕ್ಷಣದಲ್ಲಿ ನನ್ನ ಕ್ವೆರಿಯಲ್ಲಿ ಒಂದು ಸಾಲು ಅಂದ್ರೆ ಏನು?

ಇದೇನು ಹೊಸ ವಿಷಯ ಅಲ್ಲ. ಜಾಂಗೋಗೆ ಅಗ್ರಿಗೇಷನ್ ಬಂದದ್ದೇ 2009ರ 1.1 ಆವೃತ್ತಿಯಲ್ಲಿ. ಒಂದಕ್ಕಿಂತ ಹೆಚ್ಚು ಅಗ್ರಿಗೇಷನ್‌ಗಳನ್ನು ಆನೋಟೇಟ್‌ನಲ್ಲಿ ಸೇರಿಸಿದ್ರೆ ತಪ್ಪು ಉತ್ತರ ಬರುತ್ತೆ, ಯಾಕಂದ್ರೆ ಒಳಗೆ ಸಬ್‌ಕ್ವೆರಿ ಬದಲು ಜಾಯಿನ್ ಬಳಸಲಾಗುತ್ತೆ ಅಂತ ಜಾಂಗೋದ ಅಧಿಕೃತ ಡಾಕ್ಯುಮೆಂಟೇಶನ್ನಿನಲ್ಲೇ ಎಚ್ಚರಿಕೆ ಇದೆ. ನಾನು ಓದಿರಲಿಲ್ಲ, ಅಷ್ಟೇ.

ಡಿಸ್ಟಿಂಕ್ಟ್ ಹಾಕಿದ್ರೆ ಸಾಲದಾ?

ಹುಡುಕಿದಾಗ ಮೊದಲು ಸಿಗೋ ಮದ್ದು ಡಿಸ್ಟಿಂಕ್ಟ್. ಕೌಂಟ್ ಮಾಡುವಾಗ ಇದು ಕೆಲಸ ಮಾಡುತ್ತೆ, ಯಾಕಂದ್ರೆ ಆಗ ನಾವು ಎಣಿಸೋದು ದೇಣಿಗೆಯ ಐಡಿಗಳನ್ನು. ಒಂದು ಐಡಿ ಎರಡು ಸಲ ಬಂದ್ರೂ ಒಂದೇ ಅಂತ ಲೆಕ್ಕ ಆಗುತ್ತೆ. ಮನೆ 1ರ ದೇಣಿಗೆ ಮೂರು ಅಂತ ಸರಿಯಾಗಿ ಬರುತ್ತೆ.

ಸಮ್‌ಗೆ ಡಿಸ್ಟಿಂಕ್ಟ್ ಹಾಕಿದ್ರೆ ಅದು ಐಡಿ ನೋಡಲ್ಲ, ಮೊತ್ತವನ್ನೇ ನೋಡುತ್ತೆ. ಮನೆ 1ರವರು 501 ರೂಪಾಯಿ ಎರಡು ಸಲ ಕೊಟ್ಟಿದ್ದಾರೆ. ಡಿಸ್ಟಿಂಕ್ಟ್ ಎರಡನೇ 501 ಅನ್ನು ನಕಲು ಅಂತ ಬಿಟ್ಟುಬಿಡುತ್ತೆ. ಮೊತ್ತ 2003 ಬದಲು 1502 ಬರುತ್ತೆ, ಒಟ್ಟು 9005 ಬದಲು 8504. ನಮ್ಮ ಕಡೆ ಎಲ್ಲರೂ ಕೊಡೋದು 501, 1001, 2001 ತಾನೆ? ಒಂದೇ ಮೊತ್ತ ಮತ್ತೆ ಮತ್ತೆ ಬರೋದು ಸಾಮಾನ್ಯ. ಮೊದಲು ಲೆಕ್ಕ ಹೆಚ್ಚು ತೋರಿಸ್ತಿತ್ತು, ಈಗ ಕಡಿಮೆ ತೋರಿಸುತ್ತೆ. ಕಡಿಮೆ ತೋರಿಸೋದು ಇನ್ನೂ ಅಪಾಯ, ಬೇಗ ಯಾರೂ ಕೇಳಲ್ಲ.

ಮೊದಲು ಕೂಡಿಸಿ, ಆಮೇಲೆ ಜೋಡಿಸಿ

ಸರಿಯಾದ ದಾರಿ ಕಾಕಾ ಮಾಡಿದ್ದೇ. ಅವರು ಪಾವತಿ ಪುಸ್ತಕವನ್ನೂ ಕೂಪನ್ ಪುಸ್ತಕವನ್ನೂ ಒಟ್ಟಿಗೆ ತೆರೆದು ಕೂಡಿಸಲಿಲ್ಲ. ಮೊದಲು ಪಾವತಿ ಪುಸ್ತಕದಿಂದ ಪ್ರತಿ ಮನೆಯ ದೇಣಿಗೆ ಕೂಡಿಸಿ ಒಂದು ಅಂಕಿ ಬರೆದುಕೊಂಡರು. ಆಮೇಲೆ ಬೇರೆಯಾಗಿ ಕೂಪನ್ ಕೂಡಿಸಿದರು. ಕೊನೆಗೆ ಮನೆಯ ಹೆಸರಿನ ಮುಂದೆ ಎರಡೂ ಅಂಕಿ ಬರೆದರು. ಜೋಡಿಸುವ ಹೊತ್ತಿಗೆ ಪ್ರತಿ ಕಡೆಯಿಂದ ಮನೆಗೆ ಒಂದೇ ಅಂಕಿ ಇರೋದರಿಂದ ಗುಣಾಕಾರಕ್ಕೆ ಜಾಗವೇ ಇಲ್ಲ.

ಜಾಂಗೋದಲ್ಲಿ ಇದನ್ನೇ ಮಾಡೋಕೆ ಸಬ್‌ಕ್ವೆರಿ ಮತ್ತು ಔಟರ್‌ರೆಫ್ ಇವೆ. 2017ರ 1.11 ಆವೃತ್ತಿಯಿಂದ ಲಭ್ಯ. ಒಳಗಿನ ಕ್ವೆರಿ ಕಟ್ಟೋ ಹಂತಗಳು ಹೀಗೆ:

1. ಕುಟುಂಬದಿಂದ ಅಲ್ಲ, ದೇಣಿಗೆ ಮಾಡೆಲ್‌ನಿಂದ ಶುರು ಮಾಡಿ.
2. ಫಿಲ್ಟರ್ ಹಾಕಿ: ದೇಣಿಗೆಯ ಕುಟುಂಬ ಅಂದ್ರೆ ಹೊರಗಿನ ಕ್ವೆರಿಯ ಪ್ರೈಮರಿ ಕೀ. ಆ "ಹೊರಗಿನದು" ಅನ್ನೋದನ್ನು ಹೇಳೋದೇ ಔಟರ್‌ರೆಫ್.
3. ಖಾಲಿ ಆರ್ಡರ್‌ಬೈ ಕರೆದು, ಮೊದಲೇ ಇದ್ದ ವಿಂಗಡಣೆ ಕ್ರಮವನ್ನು ತೆಗೆದುಹಾಕಿ.
4. ವ್ಯಾಲ್ಯೂಸ್ ಕರೆದು ಕುಟುಂಬ ಫೀಲ್ಡ್ ಒಂದನ್ನೇ ಕೊಡಿ. ಗ್ರೂಪ್ ಬೈ ಯಾವುದರ ಮೇಲೆ ಅನ್ನೋದನ್ನು ಹೇಳೋದು ಈ ಸಾಲು.
5. ಆನೋಟೇಟ್ ಕರೆದು ಮೊತ್ತದ ಸಮ್ ಹಾಕಿ.
6. ಮತ್ತೆ ವ್ಯಾಲ್ಯೂಸ್ ಕರೆದು ಆ ಮೊತ್ತ ಒಂದನ್ನೇ ಉಳಿಸಿ. ಯಾಕಂದ್ರೆ ಹೊರಗಿನ ಸಾಲಿನ ಒಂದು ಖಾನೆಗೆ ಒಂದೇ ಕಾಲಮ್ ಹಿಡಿಸುತ್ತೆ.

ಕೂಪನ್ನಿಗೂ ಇದೇ ರೀತಿ ಇನ್ನೊಂದು. ಆಮೇಲೆ ಕುಟುಂಬದ ಕ್ವೆರಿಸೆಟ್ ಮೇಲೆ ಆನೋಟೇಟ್ ಕರೆದು ಎರಡೂ ಸಬ್‌ಕ್ವೆರಿಗಳನ್ನು ಕೊಡಿ. ಹೊರಗೆ ಈಗ ಜಾಯಿನ್ ಇಲ್ಲ, ಗ್ರೂಪ್ ಬೈ ಇಲ್ಲ. ಹೊರಗಿನ ಒಂದು ಸಾಲು ಅಂದ್ರೆ ಒಂದು ಮನೆ. ದೇಣಿಗೆ 9005, ಕೂಪನ್ 14.

ಇಲ್ಲಿ ಕಾಲು ಜಾರೋ ಮೂರು ಜಾಗ

ಮೊದಲನೇದು, ಮೂರನೇ ಮತ್ತು ನಾಲ್ಕನೇ ಹಂತ ಬಿಟ್ಟುಬಿಡೋದು. ವ್ಯಾಲ್ಯೂಸ್ ಮರೆತರೆ ಗ್ರೂಪ್ ಬೈ ಕುಟುಂಬದ ಮೇಲೆ ಆಗಲ್ಲ, ದೇಣಿಗೆಯ ಐಡಿ ಮೇಲೆ ಆಗುತ್ತೆ. ಒಂದು ಮನೆಗೆ ಒಂದು ಮೊತ್ತ ಬರೋ ಬದಲು ಮೂರು ಸಾಲು ಬರುತ್ತೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಇಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಬಂತು ಅಂತ ಎರರ್ ಕೊಟ್ಟು ನಿಲ್ಲುತ್ತವೆ. ಎಸ್‌ಕ್ಯೂಲೈಟ್ ಹಾಗಲ್ಲ, ಸದ್ದಿಲ್ಲದೆ ಮೊದಲ ಸಾಲನ್ನು ತಗೊಂಡು ಮುಂದೆ ಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಂಡವರು ಜಾಗ್ರತೆ. ಎರಡೂ ಕಡೆ ಎಸ್‌ಕ್ಯೂಲೈಟ್ ಇದ್ದವರು ಇನ್ನೂ ಜಾಗ್ರತೆ.

ಆರ್ಡರ್‌ಬೈ ಕಥೆಯೂ ಇದೇ. ಮಾಡೆಲ್‌ನ ಮೆಟಾದಲ್ಲಿ ದಿನಾಂಕದ ಪ್ರಕಾರ ಆರ್ಡರಿಂಗ್ ಇಟ್ಟಿದ್ರೆ, ಹಳೆ ಜಾಂಗೋದಲ್ಲಿ ಆ ದಿನಾಂಕವೂ ಗ್ರೂಪ್ ಬೈ ಒಳಗೆ ಸೇರಿಕೊಳ್ತಿತ್ತು. ಆಗ ಗುಂಪು ಮನೆಗೆ ಒಂದಲ್ಲ, ಮನೆ ಮತ್ತು ದಿನಾಂಕಕ್ಕೆ ಒಂದು. 2020ರ 3.1 ಆವೃತ್ತಿಯಿಂದ ಮೆಟಾದ ಆರ್ಡರಿಂಗ್ ಹೀಗೆ ನುಸುಳೋದು ನಿಂತಿದೆ. ಆದ್ರೆ ನಾವೇ ಕೈಯಾರೆ ಬರೆದ ಆರ್ಡರ್‌ಬೈ ಈಗಲೂ ಸೇರುತ್ತೆ. ಅದಕ್ಕೇ ಖಾಲಿ ಆರ್ಡರ್‌ಬೈ ಹಾಕೋ ಅಭ್ಯಾಸ ಇಟ್ಟುಕೊಂಡ್ರೆ ನಷ್ಟ ಇಲ್ಲ.

ಎರಡನೇದು, ಒಳಗಿನ ಕ್ವೆರಿಯಲ್ಲಿ ಆನೋಟೇಟ್ ಬದಲು ಅಗ್ರಿಗೇಟ್ ಕರೆಯೋದು. ಒಂದೇ ಅಂಕಿ ಬೇಕಲ್ವಾ, ಅಗ್ರಿಗೇಟ್ ಸಾಕು ಅನ್ಸುತ್ತೆ. ಆದ್ರೆ ಅಗ್ರಿಗೇಟ್ ಕ್ವೆರಿಸೆಟ್ ಕೊಡಲ್ಲ. ಕರೆದ ತಕ್ಷಣ ಡೇಟಾಬೇಸ್‌ಗೆ ಹೋಗಿ ಉತ್ತರ ತರೋಕೆ ನೋಡುತ್ತೆ. ಆಗ ಹೊರಗಿನ ಕ್ವೆರಿ ಇನ್ನೂ ಹುಟ್ಟೇ ಇಲ್ಲ, ಔಟರ್‌ರೆಫ್ ಯಾರನ್ನು ತೋರಿಸಬೇಕು? ಈ ಕ್ವೆರಿಸೆಟ್‌ನಲ್ಲಿ ಹೊರಗಿನ ಕ್ವೆರಿಯ ಉಲ್ಲೇಖ ಇದೆ, ಇದನ್ನು ಸಬ್‌ಕ್ವೆರಿಯಾಗಿ ಮಾತ್ರ ಬಳಸಬಹುದು ಅಂತ ವ್ಯಾಲ್ಯೂ ಎರರ್ ಬರುತ್ತೆ. ಈ ಎರರ್ ಕಂಡ್ರೆ ಒಳಗೆ ಎಲ್ಲೋ ಅಗ್ರಿಗೇಟ್ ಅಥವಾ ಕೌಂಟ್ ಮೆಥಡ್ ಕರೆದಿದ್ದೀರಾ ಅಂತ ಮೊದಲು ನೋಡಿ.

ಮೂರನೇದು ನಲ್. ಮನೆ 4ಕ್ಕೆ ದೇಣಿಗೆಯೇ ಇಲ್ಲ. ಒಳಗಿನ ಕ್ವೆರಿಯಲ್ಲಿ ಗ್ರೂಪ್ ಬೈ ಇರೋದರಿಂದ, ಸಾಲೇ ಇಲ್ಲದಿದ್ರೆ ಗುಂಪೂ ಇಲ್ಲ, ಉತ್ತರದ ಸಾಲೂ ಇಲ್ಲ. ಹೊರಗೆ ನಲ್ ಬರುತ್ತೆ. 4.0 ಆವೃತ್ತಿಯಿಂದ ಸಮ್‌ಗೆ ಡಿಫಾಲ್ಟ್ ಕೊಡಬಹುದು ಅಂತ ಕೆಲವರು ಒಳಗಿನ ಸಮ್‌ಗೆ ಸೊನ್ನೆ ಡಿಫಾಲ್ಟ್ ಹಾಕ್ತಾರೆ. ಇಲ್ಲಿ ಅದು ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಆ ಡಿಫಾಲ್ಟ್ ಕೂರೋಕೆ ಸಾಲೇ ಇಲ್ಲ. ಕೋಅಲೆಸ್ಸ್ ಅನ್ನು ಸಬ್‌ಕ್ವೆರಿಯ ಹೊರಗೆ ಸುತ್ತಬೇಕು. ಮೊತ್ತ ಡೆಸಿಮಲ್ ಫೀಲ್ಡ್ ಆಗಿದ್ರೆ ಬರೀ ಪೂರ್ಣಾಂಕ ಸೊನ್ನೆ ಕೊಟ್ಟಾಗ ಬೇರೆ ಬೇರೆ ಟೈಪ್ ಬೆರೆತಿದೆ ಅಂತ ಎರರ್ ಬರಬಹುದು. ಔಟ್‌ಪುಟ್ ಫೀಲ್ಡ್ ಡೆಸಿಮಲ್ ಅಂತ ಸ್ಪಷ್ಟವಾಗಿ ಹೇಳಿ.

ಮೊತ್ತದ ಮೇಲೆ ಮತ್ತೊಂದು ಲೆಕ್ಕ

ಈಗ ನಿಜವಾದ ನೆಸ್ಟಿಂಗ್. ಸಭೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಒಂದು ಮನೆಯಿಂದ ಸರಾಸರಿ ಎಷ್ಟು ದೇಣಿಗೆ ಬಂತು? ಮುಂದಿನ ವರ್ಷದ ಬಜೆಟ್ಟಿಗೆ ಅದು ಬೇಕು.

ಎಸ್‌ಕ್ಯೂಎಲ್‌ನಲ್ಲಿ ಸಮ್‌ನ ಮೇಲೆ ನೇರವಾಗಿ ಆವರೇಜ್ ಹಾಕೋಕೆ ಆಗಲ್ಲ. ಅಗ್ರಿಗೇಟ್ ಒಳಗೆ ಅಗ್ರಿಗೇಟ್ ಇಡಬೇಡ ಅಂತ ಡೇಟಾಬೇಸ್ ಬೈಯುತ್ತೆ. ಜಾಂಗೋದಲ್ಲೂ ಒಂದು ಆನೋಟೇಟ್‌ನಲ್ಲಿ ಬಂದ ಸಮ್ ಮೇಲೆ ಇನ್ನೊಂದು ಆನೋಟೇಟ್‌ನಲ್ಲಿ ಆವರೇಜ್ ಕೇಳಿದ್ರೆ ಫೀಲ್ಡ್ ಎರರ್. ಆದ್ರೆ ಕೊನೆಗೆ ಅಗ್ರಿಗೇಟ್ ಮೆಥಡ್ ಕರೆದ್ರೆ ಜಾಂಗೋ ಬುದ್ಧಿವಂತಿಕೆ ತೋರಿಸುತ್ತೆ. ಮನೆವಾರು ಮೊತ್ತದ ಇಡೀ ಕ್ವೆರಿಯನ್ನು ಫ್ರಮ್ ಜಾಗದಲ್ಲಿ ಆವರಣದೊಳಗೆ ಇಟ್ಟು, ಅದರ ಹೊರಗೆ ಆವರೇಜ್ ಹಾಕುತ್ತೆ. ಒಳಗೆ ಒಂದು ಸಾಲು ಅಂದ್ರೆ ಒಂದು ಮನೆ. ಹೊರಗೆ ಒಂದು ಸಾಲು ಅಂದ್ರೆ ಇಡೀ ಬಳಗ.

ಇಲ್ಲೂ ನಮ್ಮ ಪ್ರಶ್ನೆ ಕೆಲಸಕ್ಕೆ ಬರುತ್ತೆ. ಅದೇ ನಾಲ್ಕು ಮನೆ, ಅದೇ 9005 ರೂಪಾಯಿ, ಆದ್ರೆ ಮೂರು ಸರಾಸರಿ:

• ದೇಣಿಗೆ ಟೇಬಲ್ ಮೇಲೆ ನೇರವಾಗಿ ಆವರೇಜ್: ಐದು ದೇಣಿಗೆ, 1801 ರೂಪಾಯಿ. ಇದು ಒಂದು ಪಾವತಿಯ ಸರಾಸರಿ.
• ಮನೆವಾರು ಮೊತ್ತದ ಆವರೇಜ್, ಕೋಅಲೆಸ್ಸ್ ಇಲ್ಲದೆ: ಆವರೇಜ್ ನಲ್ ಅನ್ನು ಎಣಿಸಲ್ಲ, ಹಾಗಾಗಿ ಮೂರೇ ಮನೆ. ಸುಮಾರು 3001.67. ಇದು ದೇಣಿಗೆ ಕೊಟ್ಟ ಮನೆಗಳ ಸರಾಸರಿ.
• ಕೋಅಲೆಸ್ಸ್ ಹಾಕಿ ನಲ್ ಅನ್ನು ಸೊನ್ನೆ ಮಾಡಿದ ಮೇಲೆ: ನಾಲ್ಕು ಮನೆ, 2251.25. ಇದು ಎಲ್ಲ ಮನೆಗಳ ಸರಾಸರಿ.

ಮೂರರಲ್ಲಿ ಯಾವುದೂ ತಪ್ಪಲ್ಲ. ಪ್ರಶ್ನೆ ಬೇರೆ ಬೇರೆ. ಬಳಗದಲ್ಲಿ ಎಷ್ಟು ಮನೆ ಹೆಚ್ಚಾದ್ರೆ ಎಷ್ಟು ದುಡ್ಡು ಬರಬಹುದು ಅಂತ ಅಂದಾಜು ಮಾಡೋಕೆ ಮೂರನೇದು ಬೇಕು. ನನ್ನ ಮೊದಲ ರಿಪೋರ್ಟಿನಲ್ಲಿ ಎರಡನೇದು ಇತ್ತು, ತಲೆಬರಹದಲ್ಲಿ ಮಾತ್ರ "ಪ್ರತಿ ಮನೆಯ ಸರಾಸರಿ" ಅಂತ ಬರೆದಿದ್ದೆ.

ಇನ್ನೊಂದು ಮಾತು. ಸಬ್‌ಕ್ವೆರಿಯಿಂದ ಬಂದ ಆನೋಟೇಷನ್ ಮೇಲೆ ಅಗ್ರಿಗೇಟ್ ಕರೆಯೋ ಭಾಗವನ್ನು ಜಾಂಗೋ ತಂಡ ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತಲೇ ಇದೆ. 2023ರಲ್ಲಿ 4.2 ಬಂದಾಗ, ಸಬ್‌ಕ್ವೆರಿ ಇರೋ ಎಕ್ಸ್‌ಪ್ರೆಶನ್ ಮೇಲೆ ಅಗ್ರಿಗೇಟ್ ಕರೆದ್ರೆ ಕ್ರ್ಯಾಶ್ ಆಗೋ ತೊಂದರೆ ಹೊಸದಾಗಿ ಸೇರಿಕೊಂಡು, ಅದೇ ಸರಣಿಯ ಚಿಕ್ಕ ಬಿಡುಗಡೆಗಳಲ್ಲಿ ಸರಿಯಾಯಿತು. ಆದ್ದರಿಂದ ನೀವು ಬಳಸೋ ಸರಣಿಯ ಕೊನೇ ಪ್ಯಾಚ್ ಮೇಲೆ ಇರಿ, ಅಪ್‌ಗ್ರೇಡ್ ಆದ ದಿನ ರಿಪೋರ್ಟ್‌ಗಳ ಟೆಸ್ಟನ್ನು ಮತ್ತೆ ಓಡಿಸಿ.

ಸರಿಯಾದ ಮೇಲೂ ಮತ್ತೆ ಕೆಡಿಸೋ ಫಿಲ್ಟರ್

ಎಲ್ಲ ಸರಿ ಮಾಡಿ ಖುಷಿಯಲ್ಲಿದ್ದೆ. ಆಮೇಲೆ "ಈ ವರ್ಷ ದೇಣಿಗೆ ಕೊಟ್ಟ ಮನೆಗಳು ಮಾತ್ರ" ಅಂತ ಹೊರಗಿನ ಕ್ವೆರಿಗೆ ಒಂದು ಫಿಲ್ಟರ್ ಸೇರಿಸಿದೆ, ದೇಣಿಗೆಯ ದಿನಾಂಕದ ವರ್ಷದ ಮೇಲೆ. ಮೊತ್ತ ಮತ್ತೆ ಹಾರಿತು.

ಕಾರಣ ಹಳೇದೇ. ಆ ಫಿಲ್ಟರ್‌ಗೆ ದೇಣಿಗೆ ಟೇಬಲ್ ಬೇಕು, ಹಾಗಾಗಿ ಹೊರಗೆ ಮತ್ತೆ ಜಾಯಿನ್ ಬಂತು. ಮನೆ 1ಕ್ಕೆ ಈ ವರ್ಷ ಮೂರು ದೇಣಿಗೆ ಇದ್ರೆ ಆ ಮನೆ ಮೂರು ಸಾಲಾಗಿ ಬರುತ್ತೆ, ಪ್ರತಿ ಸಾಲಿನಲ್ಲೂ 2003. ಒಟ್ಟು 9005 ಬದಲು 13,011. ಈ ಸಲ ಕೂಪನ್ನಿನ ತಂಟೆಯೇ ಇಲ್ಲ, ದೇಣಿಗೆ ತನ್ನನ್ನು ತಾನೇ ಗುಣಿಸಿಕೊಂಡಿದೆ.

ಇದಕ್ಕೆ ಎರಡು ತಿದ್ದುಪಡಿ ಬೇಕು. ವರ್ಷದ ಷರತ್ತನ್ನು ಒಳಗಿನ ಸಬ್‌ಕ್ವೆರಿಯ ಫಿಲ್ಟರ್‌ನಲ್ಲೇ ಹಾಕಬೇಕು, ಇಲ್ಲದಿದ್ರೆ ಮನೆ ಆಯ್ಕೆ ಆಗುತ್ತೆ, ಮೊತ್ತ ಮಾತ್ರ ಎಲ್ಲ ವರ್ಷದ್ದು ಬರುತ್ತೆ. ಇನ್ನು ಯಾವ ಮನೆ ಬೇಕು ಅನ್ನೋದಕ್ಕೆ ಹೊರಗೆ ಎಗ್ಸಿಸ್ಟ್ಸ್ ಬಳಸಬೇಕು. ಎಗ್ಸಿಸ್ಟ್ಸ್ "ಇದೆಯೋ ಇಲ್ವೋ" ಅಂತ ಮಾತ್ರ ಕೇಳುತ್ತೆ. ಒಂದು ಇದ್ರೂ ಹೌದು, ಹತ್ತು ಇದ್ರೂ ಹೌದು, ಸಾಲು ಹೆಚ್ಚಾಗಲ್ಲ.

ನಿಧಾನ ಆಗಲ್ವಾ? ಬೇರೆ ಓಆರ್‌ಎಂನಲ್ಲಿ ಹೇಗೆ?

ಇಂಥ ಸಬ್‌ಕ್ವೆರಿ ಹೊರಗಿನ ಪ್ರತಿ ಸಾಲಿಗೂ ಒಮ್ಮೆ ಓಡಬಹುದು. ಕೆಲವು ನೂರು ಮನೆಗಳ ಬಳಗಕ್ಕೆ ಇದು ಲೆಕ್ಕಕ್ಕೇ ಇಲ್ಲ. ಫಾರಿನ್ ಕೀ ಮೇಲೆ ಜಾಂಗೋ ತಾನೇ ಇಂಡೆಕ್ಸ್ ಹಾಕಿರುತ್ತೆ, ಅದು ಇಲ್ಲಿ ಸಹಾಯಕ್ಕೆ ಬರುತ್ತೆ. ಹೊರಗಿನ ಟೇಬಲ್‌ನಲ್ಲಿ ಲಕ್ಷಗಟ್ಟಲೆ ಸಾಲಿದ್ರೆ ಎಕ್ಸ್‌ಪ್ಲೇನ್ ಓಡಿಸಿ ನೋಡಿ. ಆಗಲೂ ಸರಳ ದಾರಿ ಇದೆ: ದೇಣಿಗೆಗೆ ಮನೆವಾರು ಗ್ರೂಪ್ ಮಾಡಿದ ಒಂದು ಕ್ವೆರಿ, ಕೂಪನ್ನಿಗೆ ಇನ್ನೊಂದು, ಪೈಥಾನ್ ಡಿಕ್ಷನರಿಯಲ್ಲಿ ಐಡಿ ನೋಡಿ ಜೋಡಿಸೋದು. ಎರಡು ಕ್ವೆರಿ ಆಯ್ತು ಅಂತ ನಾಚಿಕೊಳ್ಳೋದು ಬೇಡ.

ಹೈದರಾಬಾದ್, ಚೆನ್ನೈ ಕಡೆಯ ಗೆಳೆಯರು ಕೇಳಿದ ಪ್ರಶ್ನೆ, ನಾವು ಜಾಂಗೋ ಬಳಸಲ್ಲ, ನಮಗೇನು? ಜಾಯಿನ್‌ನ ಗುಣಾಕಾರ ಎಸ್‌ಕ್ಯೂಎಲ್‌ನದ್ದು, ಯಾವ ಓಆರ್‌ಎಂ ಆದ್ರೂ ಇರುತ್ತೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಗ್ರೂಪ್ ಮಾಡಿದ ಸೆಲೆಕ್ಟ್ ಅನ್ನು ಸಬ್‌ಕ್ವೆರಿ ಮಾಡಿ, ಒಂದು ಟೇಬಲ್‌ನಂತೆಯೇ ಔಟರ್ ಜಾಯಿನ್ ಮಾಡಬಹುದು. ಒಂದೇ ಅಂಕಿ ಬೇಕಾದ್ರೆ ಸ್ಕೇಲಾರ್ ಸಬ್‌ಕ್ವೆರಿ ಇದೆ. ಜಾವಾ ಕಡೆ, ಫ್ರಮ್ ಜಾಗದಲ್ಲಿ ಸಬ್‌ಕ್ವೆರಿ ಇಡೋ ಸೌಲಭ್ಯ ಹೈಬರ್ನೇಟ್‌ನ ಕ್ವೆರಿ ಭಾಷೆಗೆ ಬಂದದ್ದು 6.1ರಲ್ಲಿ. ಅದಕ್ಕಿಂತ ಹಳೇದರಲ್ಲಿ ಇರೋರು ಸೆಲೆಕ್ಟ್ ಜಾಗದಲ್ಲಿ ಸಬ್‌ಕ್ವೆರಿ ಇಡಬೇಕು, ಇಲ್ಲಾ ನೇರ ಎಸ್‌ಕ್ಯೂಎಲ್ ಬರೆಯಬೇಕು.

ಟೆಸ್ಟ್ ಡೇಟಾ: ಮೂರು, ಎರಡು, ಸೊನ್ನೆ

ಈ ಘಟನೆ ಆದ ಮೇಲೆ ಯಾವುದೇ ರಿಪೋರ್ಟಿಗೆ ಟೆಸ್ಟ್ ಬರೆಯುವಾಗ ನಾನು ಹೀಗೆ ಡೇಟಾ ಹಾಕ್ತೇನೆ. ಒಬ್ಬರಿಗೆ ಒಂದು ಕಡೆ ಮೂರು ಸಾಲು, ಇನ್ನೊಂದು ಕಡೆ ಎರಡು ಸಾಲು. ಆ ಮೂರರಲ್ಲಿ ಎರಡು ಮೊತ್ತ ಒಂದೇ ಇರಬೇಕು, ಡಿಸ್ಟಿಂಕ್ಟ್‌ನ ಮೋಸ ಸಿಕ್ಕಿಬೀಳೋಕೆ. ಮೂರು ಮತ್ತು ಎರಡು ಬೇರೆ ಬೇರೆ ಯಾಕಂದ್ರೆ, ಯಾವ ಕಡೆಯಿಂದ ಗುಣಾಕಾರ ಆಯ್ತು ಅನ್ನೋದು ಉತ್ತರ ನೋಡಿದ ತಕ್ಷಣ ಗೊತ್ತಾಗುತ್ತೆ. ಇನ್ನೊಬ್ಬರಿಗೆ ಒಂದು ಕಡೆ ಸೊನ್ನೆ, ಮತ್ತೊಬ್ಬರಿಗೆ ಇನ್ನೊಂದು ಕಡೆ ಸೊನ್ನೆ. ನಿರೀಕ್ಷಿತ ಉತ್ತರವನ್ನು ಕೋಡ್ ಓಡಿಸಿ ಕಾಪಿ ಮಾಡಬೇಡಿ, ಕಾಗದದ ಮೇಲೆ ಕೂಡಿಸಿ ಬರೆಯಿರಿ. ಮೇಲಿನ ನಾಲ್ಕು ಮನೆಗಳನ್ನೇ ಬೇಕಾದ್ರೆ ತಗೊಳ್ಳಿ.

ಉತ್ತರ ತಪ್ಪು ಬಂದಾಗ ಕ್ವೆರಿಸೆಟ್‌ನ ಕ್ವೆರಿ ಪ್ರಿಂಟ್ ಮಾಡಿ, ಜಾಯಿನ್ ಎಷ್ಟಿದೆ ಎಣಿಸಿ. ಒಂದಕ್ಕಿಂತ ಹೆಚ್ಚು ಸಾಲು ತರಬಲ್ಲ ಜಾಯಿನ್ ಎರಡು ಕಂಡ್ರೆ ಅಲ್ಲೇ ನಿಲ್ಲಿ. ಆಮೇಲೆ ಗ್ರೂಪ್ ಬೈಯಲ್ಲಿ ಯಾವ ಕಾಲಮ್ ಇದೆ ನೋಡಿ.

ಕೊನೆಗೆ

ಕಾಕಾ ಫೋನ್ ಮಾಡಿದ ದಿನ ಸಂಜೆಯೇ ಮೊತ್ತ ಸರಿ ಮಾಡಿದೆ. ಪಾವತಿ ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ಒಂದು ರೂಪಾಯಿ ವ್ಯತ್ಯಾಸ ಇಲ್ಲದೆ ತಾಳೆ ಆಯ್ತು. ಬಳಗದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಳೆ ರಿಪೋರ್ಟ್ ಮತ್ತು ಹೊಸ ರಿಪೋರ್ಟ್ ಎರಡನ್ನೂ ಹಾಕಿ, ತಪ್ಪು ನನ್ನ ಕೋಡಿನದು, ಕಾಕಾನ ಲೆಕ್ಕ ಮೊದಲಿನಿಂದಲೂ ಸರಿ ಇತ್ತು ಅಂತ ಬರೆದೆ. "ಟೆಕ್ನಿಕಲ್ ಪ್ರಾಬ್ಲಮ್ ಇತ್ತು" ಅಂತ ಬರೆದು ಮುಗಿಸಬಹುದಿತ್ತು. ಆದ್ರೆ ಸಭೆಯಲ್ಲಿ ಪ್ರಶ್ನೆ ಬಂದದ್ದು ಒಬ್ಬ ಮನುಷ್ಯನ ಮೇಲೆ, ಹಾಗಾಗಿ ಉತ್ತರವೂ ಹೆಸರು ಹೇಳಿಯೇ ಬರಬೇಕಿತ್ತು. ಮುಂದಿನ ಸಭೆಯಲ್ಲಿ ಅದನ್ನೇ ಎದ್ದು ನಿಂತು ಮತ್ತೊಮ್ಮೆ ಹೇಳಿದೆ.

ಈಗ ಆ್ಯಪಿನ ರಿಪೋರ್ಟ್ ಪುಟದಲ್ಲಿ ಒಂದು ಹೊಸ ಖಾನೆ ಇದೆ. ಖಜಾಂಚಿ ಪಾಸ್‌ಬುಕ್ಕಿನ ಅಂಕಿಯನ್ನು ಅಲ್ಲಿ ಹಾಕಬೇಕು. ಆ್ಯಪಿನ ಮೊತ್ತ ಅದಕ್ಕೆ ತಾಳೆ ಆಗದಿದ್ರೆ ಪುಟದ ಮೇಲೆ ಕೆಂಪು ಅಕ್ಷರದಲ್ಲಿ "ಆ್ಯಪಿನ ಲೆಕ್ಕ ಪರಿಶೀಲಿಸಿ" ಅಂತ ಬರುತ್ತೆ, ಪ್ರಿಂಟ್ ಬಟನ್ ಕೆಲಸ ಮಾಡಲ್ಲ. ನಿಮ್ಮ ಆಫೀಸಿನ ರಿಪೋರ್ಟ್‌ಗಳಲ್ಲೂ ಹೊರಗಿನಿಂದ ಬಂದ ಒಂದು ಅಂಕಿಯ ಜೊತೆ ಹೀಗೆ ತಾಳೆ ನೋಡೋ ವ್ಯವಸ್ಥೆ ಇದೆಯಾ ಅಂತ ಈ ವಾರ ಒಮ್ಮೆ ನೋಡಿ.

ಮುಂದಿನ ವಿಡಿಯೋದಲ್ಲಿ ವಿಂಡೋ ಫಂಕ್ಷನ್ ಬಗ್ಗೆ ಮಾತಾಡೋಣ. ಅಲ್ಲೂ ಮೊದಲ ಪ್ರಶ್ನೆ ಇದೇ ಇರುತ್ತೆ. ಸಿಗೋಣ, ನಮಸ್ಕಾರ.